ಕದ್ದವನ ರಾಜಿ

ಈರೇಶನಿಗೆ ಆ ಸೆಂಟಿನ ಬಾಟಲಿ ಬೇಕಾಗಿಯೇ ಇರಲಿಲ್ಲ. ನರಗುಂದದಲ್ಲಿ ಹೊಸದಾಗಿ ತೆರೆದಿದ್ದ ಪ್ರಭುಲಿಂಗಪ್ಪನ ಬಜಾರಿಗೆ ಅವನು ಹೋದದ್ದು ಅತ್ತೆ ಹೇಳಿದ ಬಟ್ಟೆ ಸಾಬೂನು ತರಲಿಕ್ಕೆ. ಸಾಬೂನು ತೆಗೆದುಕೊಂಡು ತಿರುಗಿದರೆ ಪಕ್ಕದ ಸಾಲಿನಲ್ಲಿ ಸೆಂಟುಗಳನ್ನು ಒಪ್ಪವಾಗಿ ಜೋಡಿಸಿಟ್ಟಿದ್ದರು. ಕಾಲೇಜಿನಲ್ಲಿ ಕೆಲವು ಹುಡುಗರು ಎದ್ದು ಹೋದ ಮೇಲೂ ಬೆಂಚಿನ ಮೇಲೆ ಉಳಿಯುತ್ತಿದ್ದ ವಾಸನೆ ಅವನಿಗೆ ನೆನಪಾಯಿತು. ಆಚೆ ಈಚೆ ನೋಡಿದ. ಯಾರೂ ಇರಲಿಲ್ಲ. ಬಾಟಲಿ ಪ್ಯಾಂಟಿನ ಕಿಸೆಗೆ ಇಳಿಯಿತು. ಅಷ್ಟೇ. ಮುಂದೆ ಪೊಲೀಸರು, ಅಪ್ಪ, ಮಾವ, ಯಾರು ಯಾಕೆ ಕದ್ದೆಯೆಂದು ಕೇಳಿದರೂ ಇದಕ್ಕಿಂತ ಹೆಚ್ಚು ಹೇಳಲು ಅವನಲ್ಲಿ ಏನೂ ಇರಲಿಲ್ಲ.

ಬಾಗಿಲಲ್ಲಿ ವಾಚಮನ್ ರಟ್ಟೆ ಹಿಡಿದ. ಈರೇಶ ಕೊಸರಿಕೊಳ್ಳಹೋಗಿ ಬಿಲ್ ಮಾಡುವ ಗಲ್ಲೆಯ ಮೂಲೆಗೆ ಬಡಿದ. ಕಿಸೆಯೊಳಗೇ ಬಾಟಲಿ ಒಡೆಯಿತು. ಗಾಜು ತೊಡೆಗೆ ಚುಚ್ಚಿತು, ಸೆಂಟು ಕಾಲಗುಂಟ ಇಳಿಯಿತು, ಇಡೀ ಅಂಗಡಿ ಘಮ್ಮೆಂದಿತು. ಬೆರಳತುದಿಯಷ್ಟು ಹಚ್ಚಿಕೊಳ್ಳುವ ಪದಾರ್ಥ ಒಮ್ಮೆಲೇ ಮೈಮೇಲೆ ಸುರಿದರೆ ಸುವಾಸನೆ ಎನಿಸುವುದಿಲ್ಲ. ಅದು ಗಂಟಲಿಗೆ ಇಳಿಯುತ್ತದೆ. ಪ್ರಭುಲಿಂಗಪ್ಪ ಅವನನ್ನು ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಕೂರಿಸಿದ. ಬಂದುಹೋಗುವವರಿಗೆಲ್ಲ, "ನೋಡ್ರಿ, ಕಾಲೇಜ ಕಲಿಯೂ ಹುಡುಗ. ಗಜೇಂದ್ರಗಡದಾಂವ. ವಾಸನಿ ಹ್ಯಾಂಗ ಹೊಡಿಯಾಕತ್ತೈತಿ ನೋಡ್ರಿ," ಎಂದು ತೋರಿಸಿದ. ಹೆಂಗಸರು ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟಿದರು. ಈರೇಶನಿಗೆ ಅಲ್ಲೇ ವಾಂತಿಯಾಯಿತು. ಅದನ್ನು ಅವನ ಕೈಯಿಂದಲೇ ಒರೆಸಿಸಿದರು.

ಬಿಲ್ ಮಾಡುತ್ತಿದ್ದ ಹುಡುಗಿಯೊಬ್ಬಳು ಎದ್ದು ಬಂದಳು. ಹೆಸರು ನಾಗರತ್ನಾ, ಚಿಕ್ಕನರಗುಂದದಿಂದ ದಿನಾ ಬಸ್ಸಿಗೆ ಬಂದು ಕೆಲಸ ಮಾಡುವವಳು. ರಕ್ತ ಪ್ಯಾಂಟಿನಿಂದ ಹೊರಗೆ ಕಾಣುತ್ತಿತ್ತು. ಒಂದು ಹಿಡಿ ಅರಳೆ ಅವನ ಕೈಗೆ ಕೊಟ್ಟು, "ಒತ್ತಿ ಹಿಡಕೋ," ಎಂದಷ್ಟೇ ಹೇಳಿ ತನ್ನ ಜಾಗಕ್ಕೆ ಹೋಗಿ ಕುಳಿತಳು.

ಠಾಣೆಯಲ್ಲಿ, ಸಣ್ಣ ವಿಷಯ, ಬುದ್ಧಿ ಹೇಳಿ ಕಳಿಸಿದರಾಯಿತು ಎಂದರು. ಪ್ರಭುಲಿಂಗಪ್ಪ ಒಪ್ಪಲಿಲ್ಲ. "ಇವತ್ತ ಇವನ್ನ ಬಿಟ್ರ ನಾಳೆ ಊರಾನ ಹುಡುಗರೆಲ್ಲಾ ಕಿಸೆ ಹೊಲಿಸಿಕೊಂಡು ಬರ್ತಾರ್ರಿ," ಎಂದ. ಪೊಲೀಸರು ಕೋರ್ಟಿನ ಅನುಮತಿ ಪಡೆದು ಕೇಸು ಮಾಡಿದರು. ಕೆಲವು ವಾರಗಳಲ್ಲಿ ಹಾಜರಾಗಲು ಸಮನ್ಸು ಬಂತು.

ಈರೇಶನಿಗೆ ಇಪ್ಪತ್ತು ತುಂಬಿತ್ತು. ಅಪ್ಪ ಅಂದಪ್ಪ ಗಜೇಂದ್ರಗಡದಲ್ಲಿ ಕೈಮಗ್ಗದ ಸೀರೆ ನೇಯುವವನು. ಅವ್ವ ಶಂಕ್ರವ್ವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಮಗ ಓದಲಿ ಎಂದು ನರಗುಂದದಲ್ಲಿ ಅವಳ ತಮ್ಮ ಗುರುಸಂಗಪ್ಪನ ಮನೆಯಲ್ಲಿ ಇಟ್ಟಿದ್ದರು. ಗುರುಸಂಗಪ್ಪ ಪೇಟೆಯಲ್ಲಿ ಕಾಳುಕಡಿಯ ದಲಾಲಿ ಮಾಡುವವನು. ಎಲ್ಲಿ ಏನು ಕೊಟ್ಟರೆ ಏನು ಸಿಗುತ್ತದೆ ಎಂಬುದನ್ನು ಬಲ್ಲವನು.

ಕೇಸಾದ ಮರುದಿನ ಅಂದಪ್ಪ ಬಂದು ಮಗನನ್ನು ಊರಿಗೆ ಕರೆದುಕೊಂಡು ಹೋದ. ಮನೆಯಲ್ಲಿ ಶಂಕ್ರವ್ವ ಆ ಪ್ಯಾಂಟನ್ನು ಸೋಡಾ ಹಾಕಿ ಕುದಿಸಿದಳು, ಸೀಗೆಪುಡಿಯಲ್ಲಿ ತಿಕ್ಕಿದಳು, ಬಿಸಿಲಿಗೆ ಹಾಕಿದಳು. ವಾಸನೆ ಹೋಗಲಿಲ್ಲ. ಕೊನೆಗೆ ಬಚ್ಚಲ ಒಲೆಗೆ ತುರುಕಿದಳು. ಉರಿಯುವಾಗ ಹಿತ್ತಲ ತುಂಬ ಅದೇ ಸೆಂಟು, ಸುಟ್ಟ ಬಟ್ಟೆಯ ಕಮಟು ಬೆರೆತು, ನಾಯಿ ಕೂಡ ಎದ್ದು ಆಚೆ ಹೋಯಿತು.

ಈರೇಶ ಮಗ್ಗದ ಖೋಲಿಯಲ್ಲಿ ಹೋಗಿ ಅಪ್ಪನ ಬಳಿ ಕುಳಿತ. ಅಂದಪ್ಪ ಲಾಳಿ ನಿಲ್ಲಿಸಿದ.

"ಆ ಕಡೆ ಸರದು ಕುಂದ್ರು," ಎಂದ. "ಸೀರಿಗೆ ವಾಸನಿ ಹತ್ತತೈತಿ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಹೊಸ ಸೀರೆಗೆ ವಾಸನೆ ಹತ್ತುವುದು ನಿಜ. ಆದರೆ ಈರೇಶ ಎದ್ದು ಹೋಗಿ ಬಚ್ಚಲಲ್ಲಿ ಮೈಯನ್ನು ಕೆಂಪಾಗುವಂತೆ ಉಜ್ಜಿಕೊಂಡ. ಮೂಗಿಗೆ ಕೈ ಒಯ್ದರೆ ಇನ್ನೂ ಇತ್ತು. ಅಥವಾ ಇರಲಿಲ್ಲವೋ ಏನೋ, ಅವನಿಗೆ ಗೊತ್ತಾಗದಂತಾಗಿತ್ತು.

ಅಷ್ಟರಲ್ಲಿ ಗುರುಸಂಗಪ್ಪನ ಫೋನು ಬಂತು. "ರಾಜಿ ಆಗತೈತಿ. ಸಾವ್ಕಾರ ಒಪ್ಯಾನ. ಹುಡುಗನ್ನ ಲಗೂ ಕಳಿಸ್ರಿ."

ಮಾತುಕತೆ ನಡೆದದ್ದು ಬಜಾರಿನ ಮಹಡಿಯ ಮೇಲಿನ ಗೋದಾಮಿನಲ್ಲಿ. ಮುಗ್ಗಲು ಹಿಟ್ಟಿನ ವಾಸನೆ, ಇಲಿಯ ಹಿಕ್ಕೆ. ಹರಿದ ಚೀಲವೊಂದರಿಂದ ರವೆ ಚೆಲ್ಲಿತ್ತು, ಅದರಲ್ಲಿ ಬಿಳಿ ಹುಳ ಮಿಜಿಗುಡುತ್ತಿದ್ದವು. ಮೇಜಿನ ಮೇಲೆ ಥಿನ್ನರ್ ಡಬ್ಬಿ, ಒಂದಿಷ್ಟು ಚಿಂದಿ ಬಟ್ಟೆ, ತಾರೀಖು ಅಚ್ಚು ಹಾಕಿದ ಚೀಟಿಗಳ ಸುರುಳಿ. ಈರೇಶ ಅವನ್ನು ನೋಡಿದ, ಏನಕ್ಕೆಂದು ಯೋಚಿಸಲಿಲ್ಲ.

ಪ್ರಭುಲಿಂಗಪ್ಪ ಅವತ್ತು ತೀರ ಬೇರೆ ಮನುಷ್ಯನಾಗಿದ್ದ. ಕೆಳಗಿನಿಂದ ಬಾದಾಮಿ ಹಾಲು ತರಿಸಿ ಕೈಗೆ ಕೊಟ್ಟ.

"ನಿನ್ನ ಮ್ಯಾಲ ನನಗ ಸಿಟ್ಟಿಲ್ಲ ತಮ್ಮಾ. ಹರೇದ ವಯಸ್ಸು. ನೀ ಕದ್ದಿಲ್ಲ ಅಂತ ನಾನs ಕೋರ್ಟಿನಾಗ ರಾಜಿ ಬರದು ಕೊಡ್ತೇನಿ. ಆದ್ರ ಖರೇ ಸಂಗತಿ ನೀ ಹೇಳಬೇಕು."

"ಖರೇ ಸಂಗತಿ ಅಂದ್ರ?"

"ನಮ್ಮಲ್ಲಿ ಬಿಲ್ ಮಾಡೂ ನಾಗರತ್ನಾ ನಿನಗ ಆ ಸೆಂಟ ಕೊಟ್ಲು. ಬಿಲ್ ಮಾಡಲಾರದ ಒಯ್ಯಿ ಅಂದ್ಲು. ನಿಮ್ಮಿಬ್ಬರದೂ ಮೊದಲಿನಿಂದ ನಡದೈತಿ."

ಈರೇಶ ಮಾವನ ಕಡೆ ನೋಡಿದ. ಮಾವ ಗೋಡೆಯ ಕಡೆ ನೋಡಿದ.

"ಆಕಿ ನನಗ ಗೊತ್ತs ಇಲ್ರಿ," ಎಂದ ಈರೇಶ.

"ಗೊತ್ತಿಲ್ಲದಾಕಿ ಅಷ್ಟ ಮಂದ್ಯಾಗ ಎದ್ದು ಬಂದು ಅರಳಿ ಕೊಡ್ತಾಳೇನ?" ಪ್ರಭುಲಿಂಗಪ್ಪ ಫೋನು ತೆಗೆದು ಕ್ಯಾಮರಾದ ಚಿತ್ರ ತೋರಿಸಿದ. ಹುಡುಗಿ ಬಗ್ಗಿ ಏನೋ ಕೊಡುತ್ತಿದ್ದಾಳೆ, ಹುಡುಗ ತಲೆ ಎತ್ತಿ ನೋಡುತ್ತಿದ್ದಾನೆ. ನೋಡುವವರು ಏನು ಬೇಕಾದರೂ ನೋಡಬಹುದು. "ಮಂದಿಗೆ ಇದು ಸಾಕು."

ಗುರುಸಂಗಪ್ಪ ತಗ್ಗಿದ ದನಿಯಲ್ಲಿ, "ಗಂಡ ಹುಡುಗಗ ಇದೇನ ಕಳಂಕ ಅಲ್ಲೋ. ನಾಕ ದಿನ ನಗತಾರ, ಬಿಡತಾರ. ಕಳ್ಳ ಅನ್ನಿಸಿಕೊಂಡಿ ಅಂದ್ರ ನೌಕರಿ ಪಾಕರಿ ಏನೂ ಹತ್ತಾಂಗಿಲ್ಲ. ನಿಮ್ಮವ್ವ ಅನ್ನ ಬಿಟ್ಟಾಳ, ಗೊತ್ತೈತಿಲ್ಲ?" ಎಂದ.

ಈರೇಶ ಹೂಂ ಎಂದ. ಯಾರೂ ಅವನ ಕುತ್ತಿಗೆ ಹಿಡಿದಿರಲಿಲ್ಲ. ಎರಡು ಸಲ ಬೇಡವೆಂದಿದ್ದರೆ ಆ ಇಬ್ಬರೂ ಎದ್ದು ಹೋಗುತ್ತಿದ್ದರೋ ಏನೋ. ಅವನು ಒಂದು ಸಲವೂ ಬೇಡವೆನ್ನಲಿಲ್ಲ.

ಫೋನಿನ ಮುಂದೆ ಹೇಳಿಸಿದರು. ಮೊದಲ ಸಲ ತೊದಲಿದ. ಎರಡನೆಯ ಸಲ ಪಾಠ ಒಪ್ಪಿಸಿದಂತಾಯಿತು ಎಂದು ಪ್ರಭುಲಿಂಗಪ್ಪನಿಗೆ ಸೇರಲಿಲ್ಲ. "ಆಕಿ ಹೆಸರ ಹೇಳೂ ಮುಂದ ಸ್ವಲ್ಪ ನಾಚಿಕೋ. ತಳಗ ನೋಡು. ಹಾಂ, ಹಂಗ," ಎಂದ. ಗುರುಸಂಗಪ್ಪ ನಕ್ಕ. ಈರೇಶ ನಾಚಿಕೊಂಡು ಕೆಳಗೆ ನೋಡಿ ಆ ಹೆಸರು ಹೇಳಿದ. ಚೆನ್ನಾಗಿ ಬಂತು ಎಂದರು. ಬಾದಾಮಿ ಹಾಲನ್ನು ತಳದವರೆಗೆ ಕುಡಿದ. ಕೆನೆ ಮೇಲ್ದುಟಿಗೆ ಅಂಟಿದ್ದು ಮೆಟ್ಟಿಲಿಳಿಯುವಾಗ ಗೊತ್ತಾಯಿತು. ಒರೆಸಿಕೊಂಡ. ಬೆರಳು ಜಿಗುಟಾಯಿತು, ಅದನ್ನು ಗೋಡೆಗೆ ಒರೆಸಿದ.

ನಾಗರತ್ನಾಳನ್ನು ಅವತ್ತೇ ಸಂಜೆ ಕೆಲಸದಿಂದ ತೆಗೆದರು. ವಿಡಿಯೋ ಪ್ರಭುಲಿಂಗಪ್ಪನ ಫೋನಿನಲ್ಲಷ್ಟೇ ಉಳಿಯಲಿಲ್ಲ. ನರಗುಂದದ ಪೇಟೆ ಸುತ್ತಿ, ಕಾಲೇಜು ಹೊಕ್ಕು, ಚಿಕ್ಕನರಗುಂದದ ಮಂದಿಯ ಕೈಗೂ ಬಂತು. ಕಾಲೇಜಿನಲ್ಲಿ ಹುಡುಗರು ಈರೇಶನ ಬೆನ್ನು ತಟ್ಟಿದರು. ಕಳ್ಳ ಎಂದು ದೂರ ಸರಿದಿದ್ದವರೇ ಈಗ ಪಕ್ಕದಲ್ಲಿ ಕೂತು, "ಸೆಂಟ ಅಷ್ಟs ಕೊಟ್ಲೋ, ಇನ್ನೂ ಏನರ ಕೊಟ್ಲೋ?" ಎಂದು ಕೇಳಿದರು. ಈರೇಶ ನಕ್ಕ. ತುಟಿ ತಾನೇ ಅಗಲಿತು. ಆ ನಗು ಮುಖದ ಮೇಲೆ ಇರುವಾಗಲೇ ಅದು ಎಂಥ ನಗು ಎಂದು ಅವನಿಗೆ ತಿಳಿಯಿತು. ಮಹಡಿಯ ಮೇಲೆ ಮಾವ ನಕ್ಕ ನಗು ಅದು. ಅಂದು ಮಧ್ಯಾಹ್ನ ಅತ್ತೆ ಬಡಿಸಿದ ಊಟ ಅವನಿಗೆ ಇಳಿಯಲಿಲ್ಲ. ರೊಟ್ಟಿ ಮುರಿದರೆ ಹುಳವಿದ್ದಂತೆ ಕಂಡಿತು.

ಕೋರ್ಟಿನ ದಿನ ಹತ್ತಿರ ಬಂದಾಗ, ಕಾಲೇಜಿನ ಗೇಟಿನ ಹೊರಗೆ ಬೇವಿನ ಗಿಡದ ಕೆಳಗೆ ಇಬ್ಬರು ನಿಂತಿದ್ದರು. ನಾಗರತ್ನಾ ಮತ್ತು ಅವಳ ತಾಯಿ ಹೊಳೆವ್ವ. ಈರೇಶ ತಿರುಗಿ ಒಳಗೆ ಹೋಗಲು ನೋಡಿದ; ಅಷ್ಟರಲ್ಲಿ ಇಬ್ಬರೂ ಎದುರಿಗೆ ಬಂದರು.

"ನನ್ನ ಹೆಸರ ನಿನಗ ಯಾರ ಹೇಳಿದ್ರು?" ಎಂದು ಕೇಳಿದಳು ನಾಗರತ್ನಾ. ದನಿ ಏರಿಸಲಿಲ್ಲ. "ನಾ ಅಂತೂ ಹೇಳಿದ್ದಿಲ್ಲ."

ಈರೇಶ ಕೆಳಗೆ ನೋಡಿದ.

"ರಕ್ತ ಬರಾಕತ್ತಿತ್ತು ಅಂತ ಅರಳಿ ಕೊಟ್ಟೆ. ನಾಯಿಗೆ ಪೆಟ್ಟಾಗಿದ್ರೂ ಕೊಡ್ತಿದ್ನಿ. ನಿನ್ನ ಮಾರಿ ಸೈತ ನಾ ನೋಡಿಲ್ಲ."

"ಸಾವ್ಕಾರ..." ಎಂದು ಬಾಯಿ ತೆರೆದ ಈರೇಶ.

"ಸಾವ್ಕಾರಗ ನಾ ಯಾಕ ಬ್ಯಾಡ ಅನ್ನೂದು ನನಗ ಗೊತ್ತೈತಿ. ಕೂಸಿನ ಹಿಟ್ಟಿನ ಡಬ್ಬಿ ಮ್ಯಾಲಿನ ತಾರೀಖ ಅಳಿಸಿ ಹೊಸಾ ಚೀಟಿ ಅಂಟಸು ಅಂದ. ಒಲ್ಲೆ ಅಂದೆ. ಒಬ್ಬಾಕಿ ಬಾಣಂತಿ ಡಬ್ಬಿ ಒಯ್ಯಾಕ ಬಂದಿದ್ಲು, ಬ್ಯಾಡ ತಗೋಬ್ಯಾಡ ಅಂದೆ. ಅದನ್ನ ಅಂವಾ ಕೇಳಿಸಿಕೊಂಡ. ಅದಕ್ಕs ನನ್ನ ತಗದ್ರ ಮಂದಿ ಕೇಳತಿದ್ರು. ಈಗ ಯಾರೂ ಕೇಳಾಂಗಿಲ್ಲ. ನೀ ಹೇಳಿ ಮುಗಿಸೀದಿ."

ಈರೇಶನಿಗೆ ಥಿನ್ನರಿನ ಡಬ್ಬಿ, ಚೀಟಿಯ ಸುರುಳಿ ಕಣ್ಣಿಗೆ ಕಟ್ಟಿದವು. ಆ ಮೇಜಿನ ಪಕ್ಕದಲ್ಲೇ ಕೂತು ಹಾಲು ಕುಡಿದಿದ್ದ.

"ತಪ್ಪಾತು," ಎಂದ. ಬಾಯಿಂದ ಹೊರಬಿದ್ದ ಕೂಡಲೆ ಆ ಮಾತು ಎಷ್ಟು ಅಗ್ಗದ್ದು ಎನಿಸಿತು.

ಹೊಳೆವ್ವ ಅವನನ್ನು ಮೇಲಿಂದ ಕೆಳಗೆ ನೋಡಿ, ಅವನ ಕಾಲಿಗೆ ಒಂದು ಗೇಣು ದೂರದಲ್ಲಿ ಉಗುಳಿದಳು. "ನಡಿ," ಎಂದು ಮಗಳ ಕೈ ಹಿಡಿದು ಹೊರಟುಹೋದಳು.

ಕೋರ್ಟಿನ ದಿನ ಅಂದಪ್ಪ ತೊಳೆದ ಧೋತರ ಉಟ್ಟು ಬಂದಿದ್ದ. ಗುರುಸಂಗಪ್ಪ ವಕೀಲ ಕೊಟ್ರೇಶನ ಹಿಂದೆ ಮುಂದೆ ಓಡಾಡುತ್ತಿದ್ದ. ರಾಜಿಯ ಅರ್ಜಿ ಸಿದ್ಧವಾಗಿತ್ತು. ಒಡೆದ ಬಾಟಲಿಯ ಬೆಲೆಯನ್ನು ಮೊದಲೇ ಅಂಗಡಿಗೆ ತುಂಬಿದ್ದಾಗಿತ್ತು. ಕೊಟ್ರೇಶನಿಗೆ ಗೋದಾಮಿನ ಕತೆ ಗೊತ್ತಿರಲಿಲ್ಲ. "ಏನೂ ಮಾತಾಡೂದು ಬ್ಯಾಡ. ಒಪ್ಪಿಗಿ ಐತೇನು ಅಂತ ಕೇಳ್ತಾರ, ಐತ್ರಿ ಅನ್ನು. ಊಟದ ಹೊತ್ತಿಗೆ ಮನಿಗೆ ಹೋಗ್ತಿ," ಎಂದು ಧೈರ್ಯ ಹೇಳಿದ.

ಪ್ರಭುಲಿಂಗಪ್ಪ ಪಡಸಾಲೆಯ ಬೆಂಚಿನಲ್ಲಿ ಈರೇಶನನ್ನು ಪಕ್ಕಕ್ಕೆ ಕೂರಿಸಿಕೊಂಡು ತೊಡೆ ತಟ್ಟಿದ. ಗಾಜು ಚುಚ್ಚಿದ್ದ ತೊಡೆಯೇ ಅದು. "ಮುಗೀತ ತಗೋ ತಮ್ಮಾ. ಇನ್ನ ನೀ ನಮ್ಮಾಂವ," ಎಂದ. ಆ ಕೈಯ ಬಿಸಿ ಬಟ್ಟೆ ದಾಟಿ ಒಳಗೆ ಬಂತು. ನಮ್ಮಾಂವ ಎಂಬ ಮಾತು ಕೇಳಿ ಈರೇಶನಿಗೆ ಮೈಮೇಲೆ ಹಲ್ಲಿ ಹರಿದಂತಾಯಿತು. ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂರಿಸಿ ಊರಿಗೆ ತೋರಿಸಿದಾಗಲೂ ಇಷ್ಟು ಅಸಹ್ಯವಾಗಿರಲಿಲ್ಲ.

ಹೆಸರು ಕೂಗಿದರು. ನ್ಯಾಯಾಧೀಶರು ಕನ್ನಡಕ ಹಾಕಿದ ನಡುವಯಸ್ಸಿನ ಹೆಂಗಸು. ಕಾಗದ ಓದಿ ತಲೆ ಎತ್ತಿದರು.

"ರಾಜಿ ಅರ್ಜಿ ಕೊಟ್ಟಿದ್ದಾರೆ. ನಿನಗೆ ಒಪ್ಪಿಗೆ ಇದೆಯೇನಪ್ಪ?"

"ಇಲ್ರಿ," ಎಂದ ಈರೇಶ.

ಹಿಂದೆ ಗುರುಸಂಗಪ್ಪ ಕೆಮ್ಮಿದ. ಕೊಟ್ರೇಶ ತಿರುಗಿ ನೋಡಿದ.

"ಕದ್ದಾಂವ ನಾನs ರಿ. ಯಾರೂ ಕೊಟ್ಟಿಲ್ರಿ. ಆ ನಾಗರತ್ನಾ ಅನ್ನೂ ಹುಡುಗಿಗೆ ಏನೂ ಗೊತ್ತಿಲ್ರಿ, ನಾನೂ ಆಕಿಗೆ ಗೊತ್ತಿಲ್ರಿ. ಆಕಿ ಹೆಸರ ಹೇಳಿದ್ರ ರಾಜಿ ಮಾಡ್ತೇನಿ ಅಂದ್ರು. ವಿಡಿಯೋದಾಗ ನಾ ಸುಳ್ಳ ಹೇಳೀನ್ರಿ."

ನ್ಯಾಯಾಧೀಶರು ಪೆನ್ನು ಕೆಳಗಿಟ್ಟರು. "ತಪ್ಪು ಒಪ್ಪಿಕೊಂಡರೆ ಶಿಕ್ಷೆ ಆಗುತ್ತದೆ, ಗೊತ್ತಿದೆಯೇ? ಹೀಗೆ ಹೇಳು ಅಂತ ಯಾರಾದರೂ ಹೆದರಿಸಿದ್ದಾರೆಯೇ?"

"ಹಿಂಗ ಹೇಳಾಕ ಯಾರೂ ಹೆದರಿಸಿಲ್ರಿ. ಹಂಗ ಹೇಳಿದ್ದs ಸುಳ್ಳರಿ."

ಪ್ರಭುಲಿಂಗಪ್ಪನನ್ನು ಕೇಳಿದಾಗ ಅವನು, "ಹುಡುಗರ ಮಾತ್ರಿ ಮೇಡಮ್ಮಾರ, ನನಗೇನ ಗೊತ್ತಿಲ್ರಿ," ಎಂದು ಕತ್ತು ಒರೆಸಿಕೊಂಡ. ನ್ಯಾಯಾಧೀಶರು, ತಮ್ಮ ಮುಂದಿರುವುದು ಕಳವಿನ ವಿಷಯವೆಂದೂ, ಆ ಹುಡುಗಿ ದೂರು ಕೊಡಬೇಕೆಂದರೆ ಅವಳಿಗೆ ಕಾನೂನಿನ ದಾರಿ ಇದೆಯೆಂದೂ ಹೇಳಿ, ಈರೇಶ ಹೇಳಿದ್ದನ್ನೆಲ್ಲ ಬರೆಸಿದರು. ಹೊಸ ಕಾನೂನಿನ ಪ್ರಕಾರ ಮೊದಲ ಸಲದ ಸಣ್ಣ ಕಳವಿಗೆ, ಮಾಲಿನ ಬೆಲೆ ತುಂಬಿದ್ದರೆ, ಜೈಲಿಲ್ಲ, ಸಮುದಾಯ ಸೇವೆ. ಊರಿನ ಕಸ ಬೇರ್ಪಡಿಸುವ ಶೆಡ್ಡಿನಲ್ಲಿ ಒಂದು ತಿಂಗಳು ಕೆಲಸ ಮಾಡಬೇಕೆಂದು ಆದೇಶವಾಯಿತು.

ಹೊರಗೆ ಬಂದಾಗ ಎದೆ ಹಗುರಾಗಬಹುದು ಎಂದುಕೊಂಡಿದ್ದ. ಆಗಲಿಲ್ಲ. ನಾಲಿಗೆಯ ಮೇಲೆ ಏನೋ ಕೊಳೆತದ್ದು ಕೂತಂತೆ ಇತ್ತು. ಗುರುಸಂಗಪ್ಪ ಎಲ್ಲರೆದುರು, "ನನ್ನ ಮಾರಿಗೆ ಸಗಣಿ ಬಳದಿ. ನಾಳೆ ಪೇಟ್ಯಾಗ ಹ್ಯಾಂಗ ಅಡ್ಡಾಡ್ಲಿ? ಇನ್ನ ನನ್ನ ಹೊಸ್ತಿಲಾ ತುಳೀಬ್ಯಾಡ," ಎಂದ.

ಅಂದಪ್ಪ ಭಾವಮೈದುನನ ಎದುರು ಬಂದು ನಿಂತ. "ಆ ಹುಡುಗಿ ಹೆಸರ ಹೇಳಿಸಿದಾಂವ ನೀನೂ ಒಬ್ಬ ಏನ?" ಎಂದು ಕೇಳಿದ. ಗುರುಸಂಗಪ್ಪ ಚಪ್ಪಲಿ ಮೆಟ್ಟಿಕೊಂಡು ನಡೆದ. ಅಂದಪ್ಪ ಮಗನ ಕಡೆ ತಿರುಗಿದ. "ಕದ್ದಿ ಅಂದಾಗ ಹಸೀ ವಯಸ್ಸು ಅಂದುಕೊಂಡಿದ್ನಿ. ಆ ಹುಡುಗಿ ಹೆಸರ ಕೆಡಿಸೀದಿ ಅನ್ನೂದು ನನಗ ಗೊತ್ತಿರಲಿಲ್ಲ," ಎಂದ. ಬೆನ್ನು ಸವರಲಿಲ್ಲ, ಭೇಷ್ ಎನ್ನಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ಒಬ್ಬನೇ ಹೋದ.

ಈರೇಶ ಸಹಪಾಠಿ ಅಕ್ರಮ್‌ನ ಖೋಲಿಯಲ್ಲಿ ಉಳಿದುಕೊಂಡ. ಅಕ್ರಮ್ ಏನೂ ಕೇಳದೆ ಹಾಸಲು ಒಂದು ಜಮಖಾನೆ ಕೊಟ್ಟ. ಬೆಳಿಗ್ಗೆ ಶೆಡ್ಡು, ಮಧ್ಯಾಹ್ನ ಕಾಲೇಜು. ಶೆಡ್ಡಿನಲ್ಲಿ ಶೇಖವ್ವ ಎಂಬವಳು ಕೆಲಸ ಹೇಳುತ್ತಿದ್ದಳು. ಮೊದಲ ದಿನ ಕೈಗವಸು ಕೊಟ್ಟು, ಹಸಿ ಕಸ ಆ ಕಡೆ, ಒಣ ಕಸ ಈ ಕಡೆ ಎಂದಳು. ಕೊಳೆತ ಟೊಮ್ಯಾಟೊ, ಕೂಸಿನ ಹೇಲು ಮೆತ್ತಿದ ಬಟ್ಟೆ, ಕೋಳಿಯ ಕರುಳು, ಯಾರದೋ ಗಾಯದ ಪಟ್ಟಿ. ಈರೇಶ ಗೋಡೆ ಹಿಡಿದು ಕಾರಿದ. ಶೇಖವ್ವ ನಕ್ಕು, "ಎಲ್ಲಾರೂ ಮೊದ್ಲ ಕಾರ್ಕೋತಾರ. ನಾಷ್ಟಾ ಮಾಡಿ ಬರಬ್ಯಾಡ ನಾಳೆ," ಎಂದಳು. ಮೂಗು ಕೆಲವು ದಿನಕ್ಕೆ ಒಗ್ಗಿತು. ಮಲಗುವಾಗ ಕಣ್ಣಮುಂದೆ ಬರುತ್ತಿದ್ದದ್ದು ಮಾತ್ರ ಆ ಕಸವಲ್ಲ. ಫೋನಿನ ಪರದೆಯಲ್ಲಿ ನಾಚಿಕೊಂಡು ಕೆಳಗೆ ನೋಡುವ ತನ್ನದೇ ಮುಖ.

ವಿಡಿಯೋ ಇನ್ನೂ ಓಡಾಡುತ್ತಿತ್ತು. ಕೋರ್ಟಿನಲ್ಲಿ ಹೇಳಿದ ಮಾತು ಕೋರ್ಟಿನಲ್ಲೇ ಉಳಿದಿತ್ತು. ಹಾಗಾಗಿ ಒಂದು ರವಿವಾರ ಈರೇಶ ಚಿಕ್ಕನರಗುಂದದ ಬಸ್ಸು ಹತ್ತಿದ.

ಕಟ್ಟೆಯ ಮೇಲೆ ಗಂಡಸರು ಕೂತಿದ್ದರು. ಹೊಳೆವ್ವನ ಮನೆ ಕೇಳಿದಾಗಲೇ ಕೆಲವರು ಅವನ ಗುರುತು ಹಿಡಿದರು. "ಆ ಸೆಂಟಿನ ಹುಡುಗ," ಎಂದರು ಯಾರೋ. ಅವನು ಮನೆಯ ಮುಂದೆ ಹೋಗುವಷ್ಟರಲ್ಲಿ ಹಿಂದೆ ಮಂದಿ ಕೂಡಿತ್ತು. ಹೊಳೆವ್ವ ಬಾಗಿಲಿಗೆ ಬಂದಳು, ಒಳಗೆ ಕರೆಯಲಿಲ್ಲ. ನಾಗರತ್ನಾ ಅವಳ ಹಿಂದೆ ನಿಂತಳು.

ಈರೇಶ ಮಂದಿಯ ಕಡೆ ತಿರುಗಿ ಹೇಳಿದ. ತಾನು ಕದ್ದದ್ದು, ತಾನು ಪಾರಾಗಲು ಈಕೆಯ ಹೆಸರು ಹೇಳಿದ್ದು, ಅರಳೆ ಕೊಟ್ಟದ್ದು ಬಿಟ್ಟರೆ ಈಕೆ ತನ್ನ ಜೊತೆ ಮಾತನ್ನೇ ಆಡಿಲ್ಲವೆಂಬುದು. ನಡುವೆ ನಿಲ್ಲಿಸದೆ ಮುಗಿಸಿದ. ಒಬ್ಬ ಹುಡುಗ ಫೋನು ಎತ್ತಿ ಹಿಡಿದಿದ್ದ.

"ಫೋನ ಇಳಸು," ಎಂದಳು ನಾಗರತ್ನಾ ಅವನಿಗೆ. "ಒಂದ ವಿಡಿಯೋ ಆಗೇತಿ. ಇನ್ನೊಂದು ಬ್ಯಾಡ. ಕಿವಿಲೆ ಕೇಳ್ರಿ ಸಾಕು."

ಹುಡುಗ ಇಳಿಸಿದ. ಹಿರಿಯನೊಬ್ಬ, "ಆಡಿದ್ದು ಆಡಿ ಆತು, ಈಗ ಬಂದು ಹೇಳಿದ್ರೇನ ಬಂತು?" ಎಂದು ಎದ್ದು ಹೋದ. ಇಬ್ಬರು ಹೆಂಗಸರು ಹೊಳೆವ್ವನ ಪಕ್ಕಕ್ಕೆ ಬಂದು ನಿಂತರು. ಅವರಲ್ಲೊಬ್ಬಳು, ಮೊನ್ನೆ ನೀರಿನ ನಲ್ಲಿಯ ಹತ್ತಿರ ತಾನು ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡವೆಂದು ನಾಗರತ್ನಾಳಿಗೆ ಮೆಲ್ಲಗೆ ಹೇಳುತ್ತಿದ್ದಳು.

ಮಂದಿ ಚದುರಿದ ಮೇಲೆ ನಾಗರತ್ನಾ ಈರೇಶನಿಗೆ, "ನೀ ಬಂದು ಹೇಳಿದಿ ಅಂತ ನನಗ ಸಮಾಧಾನ ಆಗಿಲ್ಲ," ಎಂದಳು. "ನಿನ್ನ ಕಂಡ್ರ ನನಗ ಈಗೂ ಹೇಸಿಕಿ ಬರತೈತಿ. ಅದು ಹೋಗತೈತೋ ಇಲ್ಲೋ ಗೊತ್ತಿಲ್ಲ. ಆದ್ರ ಒಂದ ಕೆಲಸ ಮಾಡು. ಕೋರ್ಟಿನಾಗ ನೀ ಹೇಳಿದ್ದರ ನಕಲು ತಗಿಸಿಕೊಡು. ರೋಣದಾಗ ಒಂದ ಔಷಧ ಅಂಗಡ್ಯಾಗ ಕೆಲಸ ಕೇಳೀನಿ. ಅವರಿಗೂ ವಿಡಿಯೋ ಮುಟ್ಟೇತಿ."

"ತಗಿಸಿಕೊಡ್ತೇನ್ರಿ," ಎಂದ ಈರೇಶ. ತನಗಿಂತ ಸಣ್ಣವಳಿಗೆ ರೀ ಎಂದದ್ದು ಅವನಿಗೇ ಆಮೇಲೆ ಗಮನಕ್ಕೆ ಬಂತು.

ನಕಲು ಸಿಗಲು ಕೆಲವು ದಿನ ಹಿಡಿಯಿತು. ಕೊಟ್ರೇಶ ಸಿಟ್ಟಿದ್ದರೂ ಅರ್ಜಿ ಬರೆದುಕೊಟ್ಟ. ಶೆಡ್ಡಿನ ಕೆಲಸ ಮುಗಿಸಿ ನೇರ ನರಗುಂದದ ಬಸ್‌ಸ್ಟ್ಯಾಂಡಿಗೆ ಬಂದಿದ್ದ ಈರೇಶ, ಮೈಯಿಂದ ನಾತ ಬರುತ್ತದೆಂದು ದೂರದಲ್ಲೇ ನಿಂತು ಕೈಚಾಚಿ ಕೊಟ್ಟ. ನಾಗರತ್ನಾ ಅಲ್ಲೇ ನಿಂತು ಮೊದಲಿನಿಂದ ಕೊನೆಯವರೆಗೆ ಓದಿದಳು. ಒಂದು ಸಾಲನ್ನು ಮತ್ತೊಮ್ಮೆ ಓದಿದಳು. ಮಡಚಿ ಚೀಲದಲ್ಲಿಟ್ಟು, ರೋಣದ ಬಸ್ಸು ಬಂದದ್ದೇ ಹತ್ತಿ ಕಿಟಕಿಯ ಪಕ್ಕ ಕುಳಿತಳು. ಅವನ ಕಡೆ ನೋಡಲಿಲ್ಲ.

ಮುಂದಿನ ವಾರ ಅಕ್ರಮ್ ಚಿಕ್ಕನರಗುಂದದ ಹುಡುಗರಿಂದ ಕೇಳಿ ಶೆಡ್ಡಿಗೆ ಬಂದು, ಅವಳಿಗೆ ಔಷಧ ಅಂಗಡಿಯಲ್ಲಿ ಕೆಲಸ ಸಿಕ್ಕಿತಂತೆ ಎಂದು ಹೇಳಿದ. ಈರೇಶ ಕೈಗವಸು ಹಾಕಿಕೊಂಡೇ ಕೇಳಿಸಿಕೊಂಡ. ಶೇಖವ್ವ ಆ ಕಡೆಯಿಂದ, ಹೊಸ ಗಾಡಿ ಬಂತು, ಮಾತು ಸಾಕೆಂದು ಕೂಗಿದಳು. ಅವನು ಹೋಗಿ ಗಾಡಿಯ ಹಿಂಬಾಗಿಲು ಬಿಚ್ಚಿದ.